ಜಾಗ ಬಿಡುವುದೇ ಸ್ವಾಗತ

ಸವದತ್ತಿ ತಾಲ್ಲೂಕಿನ ಉಗರಗೋಳದವರಿಗೆ ಅಪರಿಚಿತ ಮುಖಗಳು ಹೊಸತಲ್ಲ. ರೇಣುಕಾ ಯಲ್ಲಮ್ಮನ ಗುಡ್ಡ ಈ ಊರಿನ ಸೀಮೆಯಲ್ಲಿಯೇ ಇರುವುದರಿಂದ ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳು ಬಂದವೆಂದರೆ ಇಲ್ಲಿನ ದಾರಿಗಳು ಪರವೂರಿನವರಿಂದ ತುಂಬಿಹೋಗುತ್ತವೆ. ಚಕ್ಕಡಿ ಕಟ್ಟಿಕೊಂಡು ಬರುವವರು, ಟ್ರ್ಯಾಕ್ಟರ್ ಏರಿ ಬರುವವರು, ಬಸ್ಸಿನಲ್ಲಿ ನಿಂತೇ ಬರುವವರು, ನಡೆದೇ ಬರುವವರು. ಕರ್ನಾಟಕದ ಜಿಲ್ಲೆಗಳಿಂದ ಮಾತ್ರವಲ್ಲ, ಮಹಾರಾಷ್ಟ್ರ, ಗೋವಾ, ಆಂಧ್ರ, ತೆಲಂಗಾಣಗಳಿಂದಲೂ ಜನ ಬರುತ್ತಾರೆ. ಮರಾಠಿಯಲ್ಲಿ ದಾರಿ ಕೇಳಿದವರಿಗೆ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಉತ್ತರ ಸಿಗುತ್ತದೆ. ಮುದುಕರೊಬ್ಬರು ಕಟ್ಟೆಯ ಮೇಲೆ ಕುಳಿತರೆ, “ಯಾವ ಊರ್ರಿ ನಿಮ್ದು? ನೀರು ಬೇಕೇನ್ರಿ?” ಎಂಬ ಎರಡು ಪ್ರಶ್ನೆಗಳು ಅವರನ್ನು ತಪ್ಪದೆ ತಲುಪುತ್ತವೆ.

ನಮ್ಮ ಆರಾಧನೆಯ ದಾರಿ ಬೇರೆ. ಏಕದೇವ ವಿಶ್ವಾಸದ ವಿಷಯದಲ್ಲಿ ನಮಗೆ ಗೊಂದಲವಿಲ್ಲ. ನಮ್ಮ ನೆರೆಯವರೂ ಅದನ್ನು ಬಲ್ಲರು. ಆದರೆ ಬಂದವರನ್ನು ಬರಮಾಡಿಕೊಳ್ಳುವ ಈ ಗುಣವನ್ನು ನೋಡಿ ಮೆಚ್ಚಲು, ಅದರ ಬೆಳಕಿನಲ್ಲಿ ನಮ್ಮ ಮಸೀದಿಯ ಬಾಗಿಲನ್ನೊಮ್ಮೆ ನೋಡಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಮುಸ್ಲಿಮರಿಗೂ ತಲೆಮಾರುಗಳಿಂದ ಒಂದು ಸ್ಥಾನವಿದೆ. ನಮ್ಮ ಅಡ್ಡಹೆಸರುಗಳೇ ಅದಕ್ಕೆ ಸಾಕ್ಷಿ. ಎತ್ತುಗಳ ಕಾಲಿಗೆ ಲಾಳ ಕಟ್ಟುವವರು ನಾಲಬಂದರು. ಅತ್ತರು, ಊದುಬತ್ತಿ ಮಾರುವವರು ಅತ್ತಾರರು. ಬಳೆ ತೊಡಿಸುವವರು ಮನಿಯಾರರು. ಅರಳೆ ಹಿಂಜಿ ಗಾದಿ ಹೊಲಿಯುವವರು ಪಿಂಜಾರರು, ನದಾಫರು. ನೂರು ಮೈಲಿ ನಡೆದು ಬಂದ ಎತ್ತಿನ ಲಾಳ ಸವೆದರೆ ಅದರ ಒಡೆಯನು ನಾಲಬಂದನ ಧರ್ಮ ಯಾವುದೆಂದು ವಿಚಾರಿಸುತ್ತಿರಲಿಲ್ಲ. ಜಾತ್ರೆಯೆಂಬ ಬಯಲಿನಲ್ಲಿ ಯಾರೋ ಎಂದೋ ನಮ್ಮ ಹಿರಿಯರಿಗೆ ಒಂದು ಚಾಪೆ ಹಾಸುವಷ್ಟು ಜಾಗ ಬಿಟ್ಟಿದ್ದರು.

ಆ ಜಾಗವನ್ನು ಕಸಿಯಲು ಹೊರಟ ಕಾಲವನ್ನೂ ನಾವು ಕಂಡಿದ್ದೇವೆ. 2022ರ ಮಾರ್ಚ್‌ನಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶವಿಲ್ಲವೆಂಬ ಫಲಕಗಳು ಕಾಣಿಸಿಕೊಂಡವು. ಅದೇ ಕೂಗು ರಾಜ್ಯದ ಬೇರೆ ಕಡೆಗಳಿಗೂ ಹಬ್ಬಿತು. ಏಪ್ರಿಲ್ 9ರಂದು ನಮ್ಮ ನೆರೆಯ ಧಾರವಾಡದ ಬಳಿಯ ನುಗ್ಗಿಕೇರಿಯಲ್ಲಿ, ಆಂಜನೇಯ ದೇವಸ್ಥಾನದ ಆವರಣದಲ್ಲಿ ಬಹುಕಾಲದಿಂದ ಹಣ್ಣು ಮಾರುತ್ತಿದ್ದ ಹಿರಿಯರೊಬ್ಬರ ಕಲ್ಲಂಗಡಿಗಳನ್ನು ನೆಲಕ್ಕೆ ಅಪ್ಪಳಿಸಿ ಒಡೆಯಲಾಯಿತು. ಆ ದೃಶ್ಯವನ್ನು ನೋಡಿದವರು ಮರೆತಿರಲಾರರು. ಒಡೆದ ಹಣ್ಣಿಗೆ ಬೆಲೆ ಕಟ್ಟಬಹುದು. ನಿನಗೆ ಇಲ್ಲಿ ಜಾಗವಿಲ್ಲವೆಂಬ ಮಾತಿಗೆ ಬೆಲೆ ಕಟ್ಟಲಾಗದು. ಅನಂತರ ಆ ಹಿರಿಯರಿಗೆ ನೆರವಾದವರಲ್ಲಿ, ಆ ಕೃತ್ಯವನ್ನು ಖಂಡಿಸಿದವರಲ್ಲಿ ಹಿಂದೂ ಬಾಂಧವರೂ ಇದ್ದರೆಂಬುದನ್ನು ನಾವು ನೆನಪಿಡಬೇಕು. ಕಸಿದವರನ್ನು ನೆನಪಿಟ್ಟು ಕೊಟ್ಟವರನ್ನು ಮರೆಯುವುದು ಸತ್ಯವಿಶ್ವಾಸಿಯ ಲಕ್ಷಣವಲ್ಲ.

ಬಾಗಿಲಲ್ಲಿ ತಡೆದು ನಿಲ್ಲಿಸುವವರ ಮುಖ ಹೇಗಿರುತ್ತದೆಂದು ಬಲ್ಲ ಸಮುದಾಯ ನಮ್ಮದು. ಹಾಗಾದರೆ ನಮ್ಮ ಬಾಗಿಲಿಗೆ ಬಂದವರು ಕಾಣುವ ಮುಖ ಎಂಥದು? ನಮ್ಮ ಇಫ್ತಾರ್ ಕೂಟಕ್ಕೆ, ಸೀರತ್ ಸಮಾವೇಶಕ್ಕೆ, ಮದುವೆಗೆ, ಮದ್ರಸದ ವಾರ್ಷಿಕೋತ್ಸವಕ್ಕೆ ಮೊದಲ ಬಾರಿಗೆ ಬಂದವರು ಏನನ್ನು ಅನುಭವಿಸಿ ಹಿಂದಿರುಗುತ್ತಾರೆ?

ಅರಬರು ಅತಿಥಿಯನ್ನು ಕಂಡಾಗ ಹೇಳುವ ‘ಮರ್ಹಬಾ’ ಎಂಬ ಪದವನ್ನು ನಾವೆಲ್ಲ ಬಲ್ಲೆವು. ಅದರ ಮೂಲಧಾತುವಿಗೆ ವಿಶಾಲತೆ, ವಿಸ್ತಾರ ಎಂಬ ಅರ್ಥವಿದೆ. ನಿಮಗಾಗಿ ಇಲ್ಲಿ ವಿಶಾಲವಾದ ಜಾಗವಿದೆ ಎಂಬುದೇ ಆ ಪದದ ಹುರುಳು. ಅಬ್ದುಲ್ ಖೈಸ್ ಬುಡಕಟ್ಟಿನ ನಿಯೋಗವು ದೂರದಿಂದ ಮದೀನಕ್ಕೆ ಬಂದಾಗ ಪ್ರವಾದಿ ಮುಹಮ್ಮದ್(ಸ)ರು ಇದೇ ಪದದಿಂದ ಅವರನ್ನು ಬರಮಾಡಿಕೊಂಡು, ಅವರಿಗೆ ಅವಮಾನವೂ ಪಶ್ಚಾತ್ತಾಪವೂ ಆಗದಿರಲೆಂಬ ಭಾವದ ಮಾತನ್ನು ಸೇರಿಸಿದರೆಂದು ಬುಖಾರಿಯಲ್ಲಿದೆ. ಹೊಸಬನೊಬ್ಬನ ಎದೆಯಲ್ಲಿರುವ ಅಳುಕುಗಳು ಅವೆರಡೇ ಅಲ್ಲವೇ? ಇಲ್ಲಿ ನನಗೆ ಅವಮಾನವಾದೀತೇ, ಯಾಕಾದರೂ ಬಂದೆನೋ ಎನಿಸೀತೇ ಎಂದು. ಆ ಎರಡನ್ನೂ ಪ್ರವಾದಿ(ಸ)ರು ಬಾಗಿಲಿನಲ್ಲಿಯೇ ಇಳಿಸಿಬಿಟ್ಟರು.

ಪವಿತ್ರ ಕುರ್‌ಆನ್ ಇದನ್ನು ಆಜ್ಞೆಯ ರೂಪದಲ್ಲಿಯೇ ಹೇಳುತ್ತದೆ. ಸಭೆಗಳಲ್ಲಿ ಸ್ಥಳ ಮಾಡಿಕೊಡಿರೆಂದು ಹೇಳಲಾದಾಗ ಸ್ಥಳ ಮಾಡಿಕೊಡಬೇಕು, ಹಾಗೆ ಮಾಡಿದವರಿಗೆ ಅಲ್ಲಾಹನು ವಿಶಾಲತೆಯನ್ನು ಕರುಣಿಸುತ್ತಾನೆ ಎಂಬುದು ಸೂರಃ ಅಲ್‌ಮುಜಾದಲದ 11ನೆಯ ಸೂಕ್ತದ ತಾತ್ಪರ್ಯ. ನಮಾಝ್, ಝಕಾತ್‌ಗಳ ಆಜ್ಞೆಯನ್ನು ಕೊಟ್ಟ ಗ್ರಂಥವು, ಕುಳಿತಲ್ಲಿಂದ ಒಂದು ಗೇಣು ಸರಿಯುವುದನ್ನೂ ಆಜ್ಞೆಯಾಗಿಸಿದೆ. ಸ್ವಾಗತವೆಂದರೆ ಧ್ವನಿವರ್ಧಕದಲ್ಲಿ ಹೇಳುವ ಎರಡು ಸಾಲು ಎಂದು ನಾವು ತಿಳಿದಿದ್ದೇವೆ. ಕುರ್‌ಆನಿನ ದೃಷ್ಟಿಯಲ್ಲಿ ಅದು ಜಾಗ ಬಿಡುವ ಕೆಲಸ.

ಹಝ್ರತ್ ಇಬ್ರಾಹೀಮ್(ಅ)ರ ಬಳಿಗೆ ಬಂದ ಅತಿಥಿಗಳ ಪ್ರಸಂಗವು ಸೂರಃ ಅಝ್ಝಾರಿಯಾತ್‌ನಲ್ಲಿದೆ. ನಾನು ಮಕ್ಕಳಿಗೆ ಅದನ್ನು ಪಾಠ ಮಾಡುವಾಗ ಪ್ರತಿ ಹೆಜ್ಜೆಯನ್ನೂ ಬಿಡಿಸಿ ತೋರಿಸುತ್ತೇನೆ. ಬಂದವರು ಸಲಾಮ್ ಹೇಳಿದರು, ಅವರು ಸಲಾಮ್ ಮರಳಿಸಿದರು. ಬಂದವರು ಅಪರಿಚಿತರೆಂಬುದು ಅವರಿಗೆ ಗೊತ್ತಿತ್ತು; ಆದರೆ ಯಾರು, ಎಲ್ಲಿಯವರು, ಏಕೆ ಬಂದಿರಿ ಎಂಬ ವಿಚಾರಣೆ ಅಲ್ಲಿಲ್ಲ. ಸದ್ದಿಲ್ಲದೆ ಮನೆಯವರ ಬಳಿಗೆ ಹೋದರು. ಊಟ ಮಾಡುತ್ತೀರಾ ಎಂದು ಮೊದಲೇ ಕೇಳಿ ಅತಿಥಿಯನ್ನು ಸಂಕೋಚಕ್ಕೆ ದೂಡಲಿಲ್ಲ. ಕೊಬ್ಬಿದ ಕರುವಿನ ಮಾಂಸವನ್ನು ತಂದರು, ಅಂದರೆ ಮನೆಯಲ್ಲಿದ್ದುದರಲ್ಲಿ ಉತ್ತಮವಾದುದನ್ನು. ಅದನ್ನು ದೂರದಲ್ಲಿಟ್ಟು ಬಂದು ತಿನ್ನಿರೆನ್ನಲಿಲ್ಲ. ಅವರ ಸಮೀಪಕ್ಕೆ ಒಯ್ದು ಇಟ್ಟರು. ಕೊನೆಗೆ, ಸೇವಿಸುವುದಿಲ್ಲವೇ ಎಂದು ಮೃದುವಾಗಿ ಕೇಳಿದರು. ನಮ್ಮ ಸೀಮೆಯ ಮನೆಗಳಲ್ಲಿ ಬಾಯಾರಿ ಬಂದವರಿಗೆ ಹೆಸರು ಕೇಳುವ ಮೊದಲೇ ಬೆಲ್ಲ, ನೀರು ಕೊಡುವ ಪದ್ಧತಿ ಇತ್ತಲ್ಲ, ಅದು ಈ ಪ್ರವಾದಿ ಚರ್ಯೆಯ ನೆರಳಿನಂತೆ ನನಗೆ ಕಾಣುತ್ತದೆ.

ಇಂದಿನ ಸಾರ್ವಜನಿಕ ಸಮಾರಂಭಗಳಲ್ಲಿ ಸ್ವಾಗತದ ಕೊರತೆಯಿಲ್ಲ. ಅದು ಹರಿಯುವ ದಿಕ್ಕು ಮಾತ್ರ ಒಂದೇ. ವೇದಿಕೆಯ ಮೇಲಿನವರಿಗೆ ಶಾಲು, ಹಾರ, ನೆನಪಿನ ಕಾಣಿಕೆ. ಅವರನ್ನು ಕರೆತರಲು ಐವರು, ಬೀಳ್ಕೊಡಲು ಹತ್ತು ಜನ. ಬಾಗಿಲ ಬಳಿ ಚಪ್ಪಲಿ ಬಿಡಬೇಕೋ ಬಾರದೋ ಎಂದು ತಿಳಿಯದೆ ನಿಂತ ಹೊಸಬನ ಬಳಿ ಒಬ್ಬರೂ ಇಲ್ಲ. ಸೂರಃ ಅಬಸ ಅವತೀರ್ಣವಾದ ಸಂದರ್ಭವನ್ನು ಇಲ್ಲಿ ನೆನೆಯಬೇಕು. ಪ್ರವಾದಿ(ಸ)ರು ಕುರೈಶರ ಮುಖಂಡರೊಡನೆ ಮಾತುಕತೆಯಲ್ಲಿದ್ದಾಗ ಅಂಧರಾದ ಅಬ್ದುಲ್ಲಾ ಬಿನ್ ಉಮ್ಮಿ ಮಕ್ತೂಮ್(ರ)ರು ಕಲಿಯುವ ಹಂಬಲದಿಂದ ಬಂದರು. ಆ ಗಳಿಗೆಯಲ್ಲಿ ಗಮನವು ಮುಖಂಡರ ಕಡೆಗಿತ್ತು. ಹಂಬಲಿಸಿ ಬಂದವನ ಕಡೆಗೇ ಮೊದಲ ಗಮನವೆಂದು ಅಲ್ಲಾಹನು ತನ್ನ ಪ್ರೀತಿಯ ಪ್ರವಾದಿಯನ್ನೇ ಎಚ್ಚರಿಸಿದನು. ಆ ಎಚ್ಚರಿಕೆಯು ಪ್ರಳಯದವರೆಗೆ ಓದಲ್ಪಡುವ ವಚನವಾಗಿ ಉಳಿಯಿತು. ಮುಂದೆ ಅದೇ ಅಬ್ದುಲ್ಲಾರು ಮದೀನದ ಮಸೀದಿಯಲ್ಲಿ ಅಝಾನ್ ಕರೆದರು; ಪ್ರವಾದಿ(ಸ)ರು ದಂಡಯಾತ್ರೆಗೆ ಹೋದಾಗ ಊರಿನ ಹೊಣೆಯನ್ನೂ ಹೊತ್ತರು. ಬಾಗಿಲಲ್ಲಿ ನಿಂತವನಲ್ಲಿ ನಾಳಿನ ಮುಅದ್ದಿನ್ ಇರಬಹುದು.

ಪದವಿ ಮುಗಿಸಿದ ಹೊಸದರಲ್ಲಿ ನಾನೊಂದು ಊರಿನ ಸಾಹಿತ್ಯ ಸಭೆಗೆ ಹೋಗಿದ್ದೆ. ಗಡ್ಡ, ಟೋಪಿ, ಉದ್ದನೆಯ ಕುರ್ತಾದ ನನ್ನನ್ನು ಹಲವರು ತಿರುಗಿ ನೋಡಿದರು. ಯಾರೂ ಕೆಟ್ಟ ಮಾತಾಡಲಿಲ್ಲ. ಯಾರೂ ಮಾತನ್ನೇ ಆಡಲಿಲ್ಲ. ಎರಡೂ ಬದಿಯ ಕುರ್ಚಿಗಳು ಖಾಲಿಯಾಗಿ ಉಳಿದವು. ಹಿಂದಿರುಗಿ ಬಸ್ ಹಿಡಿಯೋಣವೆಂದು ಎದ್ದು ಬಾಗಿಲ ಬಳಿಗೆ ಬಂದಾಗ, ಧೋತ್ರ ಉಟ್ಟ ನಿವೃತ್ತ ಶಿಕ್ಷಕರೊಬ್ಬರು ತಮ್ಮ ಬೆಂಚಿನಲ್ಲಿ ಸರಿದು, “ಇಲ್ಲಿ ಬರ್ರಿ, ಜಾಗಾ ಐತಿ” ಎಂದರು. ಅವರು ನನ್ನ ಹೆಸರನ್ನು ಕೇಳಿದ್ದು ಚಹಾ ಬಂದ ಮೇಲೆ. ಅಂದಿನ ಉಪನ್ಯಾಸದ ಒಂದು ವಾಕ್ಯವೂ ನನಗೆ ನೆನಪಿಲ್ಲ. ಆ ಬೆಂಚು ನೆನಪಿದೆ. ಕನ್ನಡದ ಸಭೆಗಳಿಗೆ ನಾನು ಇಂದಿಗೂ ಹೋಗುತ್ತಿರುವುದಕ್ಕೆ ಅವರು ಬಿಟ್ಟುಕೊಟ್ಟ ಆ ಒಂದು ಗೇಣು ಜಾಗವೇ ಕಾರಣ.

ಹೊಸಬನಿಗೆ ಜಾಗ ಬಿಡುವುದೆಂದರೆ ಅವನ ತಪ್ಪುಗಳಿಗೂ ಸ್ವಲ್ಪ ಜಾಗ ಬಿಡುವುದು. ಅವನಿಗೆ ನಮ್ಮ ರೀತಿನೀತಿ ತಿಳಿದಿರುವುದಿಲ್ಲ. ಗ್ರಾಮೀಣ ಅರಬನೊಬ್ಬನು ಪ್ರವಾದಿ(ಸ)ರ ಮಸೀದಿಯಲ್ಲಿಯೇ ಮೂತ್ರ ವಿಸರ್ಜಿಸಿದಾಗ ಅನುಚರರು ಅವನತ್ತ ಧಾವಿಸಿದರು. ಪ್ರವಾದಿ(ಸ)ರು ಅವರನ್ನು ತಡೆದು, ಅವನು ಮುಗಿಸುವವರೆಗೆ ಬಿಡಲು ಹೇಳಿ, ಆಮೇಲೆ ಅಲ್ಲಿ ಒಂದು ಪಾತ್ರೆ ನೀರು ಸುರಿಸಿದರು. ಕಷ್ಟಪಡಿಸಲಿಕ್ಕಲ್ಲ, ಸುಲಭಗೊಳಿಸಲಿಕ್ಕಾಗಿ ನಿಮ್ಮನ್ನು ಕಳುಹಿಸಲಾಗಿದೆ ಎಂಬ ಅರ್ಥದ ಮಾತನ್ನು ಅನುಚರರಿಗೆ ಹೇಳಿದರು. ಮಸೀದಿಯ ಗೌರವವೇನೆಂದು ಆ ವ್ಯಕ್ತಿಗೆ ಮೃದುವಾಗಿ ತಿಳಿಸಿದರು. ಇನ್ನೊಮ್ಮೆ ಮುಆವಿಯಾ ಬಿನ್ ಹಕಮ್(ರ)ರು ನಮಾಝ್‌ನ ನಡುವೆಯೇ ಸೀನಿದವನಿಗೆ ಉತ್ತರವಾಗಿ ದುಆ ಹೇಳಿಬಿಟ್ಟರು. ಸುತ್ತಲಿನವರು ಅವರನ್ನು ದಿಟ್ಟಿಸಿದರು, ತೊಡೆ ತಟ್ಟಿ ಸುಮ್ಮನಿರಿಸಿದರು. ನಮಾಝ್ ಮುಗಿದ ಮೇಲೆ ಪ್ರವಾದಿ(ಸ)ರು ಗದರಲಿಲ್ಲ, ಬೈಯಲಿಲ್ಲ. ನಮಾಝ್‌ನಲ್ಲಿ ಏನು ಹೇಳಬೇಕೆಂಬುದನ್ನು ಕಲಿಸಿದರು. ಅವರಿಗಿಂತ ಉತ್ತಮ ಶಿಕ್ಷಕರನ್ನು ತಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲವೆಂದು ಮುಆವಿಯಾ ಸ್ಮರಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಮೂರು ದಶಕಗಳಿಂದ ಮಸೀದಿಯ ಒಂದೇ ಕಂಬಕ್ಕೆ ಒರಗಿ ಕುಳಿತು, ಟೋಪಿಯಿಲ್ಲದ ಯುವಕ ಬಂದೊಡನೆ ಕಣ್ಣು ಕೆಂಪಗೆ ಮಾಡುವ ಹಿರಿಯರು ಈ ಎರಡು ಪ್ರಸಂಗಗಳನ್ನು ಮತ್ತೆ ಮತ್ತೆ ಕೇಳಬೇಕು. ಆ ಯುವಕನು ಎಷ್ಟು ವರ್ಷಗಳ ಅಳುಕನ್ನು ದಾಟಿ ಅಂದು ಬಾಗಿಲೊಳಗೆ ಕಾಲಿಟ್ಟಿದ್ದನೋ ಅವರಿಗೇನು ಗೊತ್ತು?

ನಮ್ಮ ಇಫ್ತಾರ್ ಕೂಟಗಳನ್ನೇ ನೋಡೋಣ. ನೆರೆಯ ಹಿಂದೂ ಬಾಂಧವರನ್ನು, ಶಿಕ್ಷಕರನ್ನು, ಅಧಿಕಾರಿಗಳನ್ನು ಪ್ರೀತಿಯಿಂದ ಕರೆಯುತ್ತೇವೆ. ಅವರು ಬರುತ್ತಾರೆ. ಅಝಾನ್ ಆಗುತ್ತದೆ, ಖರ್ಜೂರ ಹಂಚಲಾಗುತ್ತದೆ. ಮರುಕ್ಷಣವೇ ನಾವೆಲ್ಲ ಮಗ್‌ರಿಬ್ ನಮಾಝ್‌ಗೆ ಎದ್ದುಹೋಗುತ್ತೇವೆ. ಅತಿಥಿಗಳು ಮುಂದೆ ತಟ್ಟೆಯಿಟ್ಟುಕೊಂಡು, ತಿನ್ನಬೇಕೋ ಕಾಯಬೇಕೋ ತಿಳಿಯದೆ, ಪರಸ್ಪರ ಮುಖ ನೋಡಿಕೊಂಡು ಕುಳಿತಿರುತ್ತಾರೆ. ಯಾರ ಮನಸ್ಸಿನಲ್ಲೂ ಅನಾದರವಿಲ್ಲ. ಆದರೆ ಅವರ ಪಾಲಿಗೆ ಆ ಹತ್ತು ನಿಮಿಷ ಬಹು ದೀರ್ಘ. ನಮಾಝ್‌ಗೆ ಇಷ್ಟು ಹೊತ್ತಾಗುತ್ತದೆ, ನೀವು ಸಂಕೋಚವಿಲ್ಲದೆ ಸೇವಿಸಿರಿ, ಬಯಸಿದರೆ ಹಿಂದೆ ಕುಳಿತು ನಮಾಝನ್ನು ನೋಡಿರಿ ಎಂದು ಮೊದಲೇ ಹೇಳಿದರೆ ಸಾಕು, ಅರ್ಧ ಮುಜುಗರ ಕಳೆಯುತ್ತದೆ. ಒಬ್ಬಿಬ್ಬರು ಅತಿಥಿಗಳ ಜೊತೆಯಲ್ಲಿ ಉಳಿದು, ಬಳಿಕ ಸಮಯದೊಳಗೆ ನಮಾಝ್ ನಿರ್ವಹಿಸುವ ಏರ್ಪಾಡನ್ನು ಊರಿನ ಆಲಿಮರನ್ನು ಕೇಳಿ ಮಾಡಿಕೊಳ್ಳಬಹುದು.

ಭಾಷೆಯೂ ಒಂದು ಜಾಗವೇ. ಸೀರತ್ ಸಮಾವೇಶಕ್ಕೆ ಕನ್ನಡದಲ್ಲಿ ಆಮಂತ್ರಣ ಕೊಟ್ಟು, ಒಂದೂವರೆ ಗಂಟೆ ಉರ್ದುವಿನಲ್ಲಿ ಪ್ರವಚನ ಮಾಡಿದರೆ ಬಂದವರು ಸೌಜನ್ಯಕ್ಕಾಗಿ ಕುಳಿತಿರುತ್ತಾರೆ, ಅಷ್ಟೆ. ಪ್ರತಿಯೊಬ್ಬ ಸಂದೇಶವಾಹಕರನ್ನೂ ಅವರ ಜನತೆಯ ಭಾಷೆಯಲ್ಲಿಯೇ ಕಳುಹಿಸಲಾಯಿತೆಂದು ಸೂರಃ ಇಬ್ರಾಹೀಮ್ ಹೇಳುತ್ತದೆ. ಉರ್ದು ನಮ್ಮ ಮನೆಮಾತು, ಅದರ ಮಾಧುರ್ಯ ನಮಗೆ ಪ್ರಿಯ. ಆದರೆ ಅತಿಥಿ ಎದುರಿಗಿರುವಾಗ ಅವನ ಭಾಷೆಗೆ ಸರಿದು ಕುಳಿತುಕೊಳ್ಳುವುದು ಆತಿಥ್ಯದ ಭಾಗ. ಕನ್ನಡದಲ್ಲಿ ಮಾತನಾಡಬಲ್ಲ ಮದ್ರಸ ಪದವೀಧರರು ಇಂದು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅವರನ್ನು ವೇದಿಕೆಗೆ ಕರೆಯಬೇಕು.

ಹೊಸಬರೆಂದರೆ ಅನ್ಯಧರ್ಮೀಯರು ಮಾತ್ರವಲ್ಲ. ಕೆಲಸ ಅರಸಿ ಬಿಹಾರದಿಂದಲೋ ಉತ್ತರ ಪ್ರದೇಶದಿಂದಲೋ ಬಂದ ಕಾರ್ಮಿಕನು ಶುಕ್ರವಾರ ಜುಮಾದಲ್ಲಿ ಕೊನೆಯ ಸಾಲಿನಲ್ಲಿ ನಿಂತು, ಸಲಾಮ್ ಆದೊಡನೆ ಹೊರಟುಹೋಗುತ್ತಾನೆ. ವರ್ಗವಾಗಿ ಬಂದ ನೌಕರನ ಹೆಂಡತಿಯು ಮಹಿಳೆಯರ ಇಜ್ತಿಮಾಕ್ಕೆ ಬಂದು, ಎಲ್ಲರೂ ತಮ್ಮ ತಮ್ಮ ನಂಟರ ಗುಂಪಿನಲ್ಲಿ ಹರಟುವುದನ್ನು ನೋಡುತ್ತಾ ಮೂಲೆಯಲ್ಲಿ ಕುಳಿತಿರುತ್ತಾಳೆ. ಇಸ್ಲಾಮನ್ನು ಹೊಸದಾಗಿ ಸ್ವೀಕರಿಸಿದವನಿಗೆ ಮೊದಲ ದಿನ ಇಡೀ ಊರಿನ ಆಲಿಂಗನ. ಮೊದಲ ಈದ್‌ಗೆ ಅವನು ಯಾರ ಮನೆಯಲ್ಲಿ ಉಂಡನೆಂದು ಕೇಳುವವರಿಲ್ಲ. ಪರಿಚಿತರಿಗೂ ಅಪರಿಚಿತರಿಗೂ ಸಲಾಮ್ ಹೇಳುವುದು ಮತ್ತು ಅನ್ನ ನೀಡುವುದು ಇಸ್ಲಾಮಿನ ಶ್ರೇಷ್ಠ ಕಾರ್ಯಗಳೆಂದು ಪ್ರವಾದಿ(ಸ)ರು ತಿಳಿಸಿರುವುದು ಬುಖಾರಿಯಲ್ಲಿದೆ. ನಾವು ಅದರ ಅರ್ಧವನ್ನು, ಪರಿಚಿತರ ಪಾಲನ್ನು ಮಾತ್ರ, ಚೆನ್ನಾಗಿ ಪಾಲಿಸುತ್ತಿದ್ದೇವೆ.

ಮಸೀದಿಯ ಬಾಗಿಲನ್ನು ನೆರೆಯವರಿಗೆ ತೆರೆಯುವ ಪ್ರಯತ್ನಗಳು ಜಗತ್ತಿನಲ್ಲಿ ನಡೆದಿವೆ. ಜರ್ಮನಿಯಲ್ಲಿ 1997ರಿಂದ ಪ್ರತಿವರ್ಷ ಅಕ್ಟೋಬರ್ 3ರಂದು ಮಸೀದಿಗಳು ಎಲ್ಲರಿಗೂ ತೆರೆದಿರುತ್ತವೆ. ಅದು ಆ ದೇಶದ ಏಕೀಕರಣದ ದಿನ. ಅದನ್ನೇ ಅಲ್ಲಿನ ಮುಸ್ಲಿಮರು ಆರಿಸಿಕೊಂಡರು. ಬ್ರಿಟನ್ನಿನಲ್ಲಿ 2015ರಲ್ಲಿ ಇಂಥದೇ ದಿನಾಚರಣೆ ಆರಂಭವಾಯಿತು. ನಮ್ಮ ಬೆಂಗಳೂರಿನಲ್ಲಿ 2020ರ ಜನವರಿಯಲ್ಲಿ ಟಸ್ಕರ್ ಟೌನಿನ ಮೋದಿ ಮಸೀದಿಯು ಬೇರೆ ಧರ್ಮದವರನ್ನು ಒಳಗೆ ಕರೆದು, ಅವರ ಪ್ರಶ್ನೆಗಳಿಗೆ ಉತ್ತರಿಸಿತು. ದೇಶದಲ್ಲಿ ಮನಸ್ಸುಗಳು ಬಹಳ ಕದಡಿದ್ದ ದಿನಗಳವು. ನಮ್ಮ ಹಳ್ಳಿಗಳಿಗೆ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ಓಣಿಯ ಹತ್ತು ಮಂದಿ ನೆರೆಯವರು ಒಂದು ಸಂಜೆ ಬಂದು ಕುಳಿತರೂ ಸಾಕು. ಅದಕ್ಕೆ ಮಾದರಿ ಹೊರಗಿನದಲ್ಲ: ತಾಇಫಿನಿಂದ ಬಂದ ಸಖೀಫ್ ಬುಡಕಟ್ಟಿನವರು ಇನ್ನೂ ವಿಶ್ವಾಸವಿಡದಿದ್ದಾಗಲೇ ಪ್ರವಾದಿ(ಸ)ರು ಅವರಿಗೆ ತಮ್ಮ ಮಸೀದಿಯಲ್ಲಿ ತಂಗಲು ಡೇರೆ ಹಾಕಿಸಿದ್ದರು. ಅದೇ ತಾಇಫಿನವರು ಹಿಂದೊಮ್ಮೆ ಅವರನ್ನು ಕಲ್ಲೆಸೆದು ಓಡಿಸಿದ್ದರು.

ಒಳ್ಳೆಯ ಮನಸ್ಸೊಂದೇ ಇದ್ದರೆ ಸಾಲದು, ಕೆಲಸವನ್ನು ಯಾರಾದರೂ ವಹಿಸಿಕೊಳ್ಳಬೇಕು. ಎಲ್ಲರ ಹೊಣೆಯೆಂದು ಬಿಟ್ಟದ್ದು ಯಾರ ಹೊಣೆಯೂ ಆಗುವುದಿಲ್ಲ. ಪೆಂಡಾಲು, ಅಡುಗೆ, ಧ್ವನಿವರ್ಧಕಕ್ಕೆ ಒಬ್ಬೊಬ್ಬರನ್ನು ನೇಮಿಸುವ ಸಮಿತಿಯು ಬಾಗಿಲಿಗೂ ಇಬ್ಬರನ್ನು ನೇಮಿಸಲಿ; ಮಹಿಳೆಯರ ಕಡೆಗೂ ಇಬ್ಬರು. ಅವರಿಗೆ ಬೇರೆ ಯಾವ ಕೆಲಸವೂ ಬೇಡ. ಹೊಸ ಮುಖ ಕಂಡೊಡನೆ ಎದ್ದು, ಚಪ್ಪಲಿ ಎಲ್ಲಿ ಬಿಡಬೇಕು, ನೀರು ಎಲ್ಲಿದೆ, ಹೆಂಗಸರ ಜಾಗ ಯಾವುದು, ಕಾರ್ಯಕ್ರಮ ಎಷ್ಟು ಹೊತ್ತಿನದು ಎಂದು ತಿಳಿಸಿ, ಒಬ್ಬರ ಪಕ್ಕದಲ್ಲಿ ಕೂರಿಸಿ ಬರಲಿ. ಒಂಟಿಯಾಗಿ ಕೂರಿಸಬಾರದು, ಪಕ್ಕದಲ್ಲಿ ಕೂರಿಸಬೇಕು. ಮದ್ರಸದ ಹುಡುಗರು ಈ ಕೆಲಸಕ್ಕೆ ತಕ್ಕವರು. ನಮ್ಮಲ್ಲಿ ನಡು ವರ್ಷದಲ್ಲಿ ಹೊಸ ವಿದ್ಯಾರ್ಥಿ ಬಂದರೆ ಅವನ ಚಾಪೆಯನ್ನು ಹಳಬನೊಬ್ಬನ ಚಾಪೆಗೆ ತಾಗಿಸಿಯೇ ಹಾಸಬೇಕೆಂಬ ನಿಯಮವನ್ನು ಇಟ್ಟಿದ್ದೇವೆ. ಮೊದಲ ರಾತ್ರಿ ಅಳುವ ಮಗುವಿಗೆ ಆ ಪಕ್ಕದ ಚಾಪೆಯೇ ಧೈರ್ಯ.

ಬಂದವರನ್ನು ಕಂಡಂತೆ, ಬಾರದವರನ್ನೂ ಕಾಣಬೇಕು. ಪ್ರವಾದಿ(ಸ)ರ ಮಸೀದಿಯನ್ನು ಗುಡಿಸುತ್ತಿದ್ದ ಬಡ ಮಹಿಳೆಯೊಬ್ಬರು ಕಾಣದಿದ್ದಾಗ ಅವರೆಲ್ಲಿ ಎಂದು ಪ್ರವಾದಿ(ಸ)ರು ವಿಚಾರಿಸಿದರು. ತೀರಿಕೊಂಡರೆಂದು ತಿಳಿದಾಗ, ತನಗೇಕೆ ತಿಳಿಸಲಿಲ್ಲವೆಂದು ಕೇಳಿ, ಅವರ ಸಮಾಧಿಯ ಬಳಿಗೆ ಹೋಗಿ ಪ್ರಾರ್ಥಿಸಿದರು. ಕಳೆದ ವರ್ಷ ಇಫ್ತಾರ್‌ಗೆ ಬಂದಿದ್ದ ನೆರೆಯವರು ಈ ವರ್ಷ ಬರಲಿಲ್ಲವಾದರೆ ಅವರ ಮನೆಯ ಬಾಗಿಲು ತಟ್ಟಿ ಕ್ಷೇಮ ವಿಚಾರಿಸುವವರು ನಮ್ಮಲ್ಲಿ ಇರಬೇಕು. ಜನರು ಜಗಳವಾಡಿ ದೂರವಾಗುವುದು ಕಡಿಮೆ. ಹೆಚ್ಚಿನವರು ಒಮ್ಮೆ ಬಂದು, ತಮ್ಮನ್ನು ಯಾರೂ ಗಮನಿಸಲಿಲ್ಲವೆಂದುಕೊಂಡು, ಸದ್ದಿಲ್ಲದೆ ದೂರವಾಗುತ್ತಾರೆ.

ಅಪಪ್ರಚಾರಕ್ಕೆ ಉತ್ತರವಾಗಿ ನಾವು ಎಷ್ಟು ಭಾಷಣ ಮಾಡಿದರೂ, ನಮ್ಮ ನೆರೆಯವನು ಒಮ್ಮೆ ನಮ್ಮ ಪಕ್ಕದಲ್ಲಿ ಕುಳಿತು ಉಂಡದ್ದರ ತೂಕ ಅದಕ್ಕೆ ಬಾರದು. ಅವನು ಮಸೀದಿಯೊಳಗೆ ಬರುವುದು ಬಾಳಿನಲ್ಲಿ ಒಂದೇ ಬಾರಿ ಇದ್ದೀತು. ಮುಂದೊಂದು ದಿನ ಅವನ ಊರಿನ ಜಾತ್ರೆಯಲ್ಲಿ ಯಾರೋ ಒಬ್ಬ ಬಳೆಗಾರನ ಚಾಪೆಯನ್ನು ಎತ್ತಲು ಬಂದಾಗ, ಅವನು ಸುಮ್ಮನಿರುವನೋ, ಅವರೂ ನಮ್ಮವರೇ ಎನ್ನುವನೋ ಎಂಬುದು ಆ ಒಂದು ಭೇಟಿಯನ್ನು ಅವಲಂಬಿಸಿರಬಹುದು. ಆ ಲಾಭವಿಲ್ಲದಿದ್ದರೂ ನಾವು ಜಾಗ ಬಿಡಲೇಬೇಕು. ಏಕೆಂದರೆ ವಿಶಾಲತೆಯನ್ನು ಕರುಣಿಸುವ ವಾಗ್ದಾನ ಮನುಷ್ಯರದಲ್ಲ, ಅಲ್ಲಾಹನದು.

ನಮ್ಮ ಮನೆಗಳನ್ನು, ಮಸೀದಿಗಳನ್ನು, ಸಭೆಗಳನ್ನು, ಅದಕ್ಕೂ ಮೊದಲು ನಮ್ಮ ಎದೆಗಳನ್ನು ಅಲ್ಲಾಹನು ವಿಶಾಲಗೊಳಿಸಲಿ. ಬಾಗಿಲಿಗೆ ಬಂದ ಯಾರಿಗೂ ಅವಮಾನವಾಗದಂತೆ, ಬಂದುದಕ್ಕೆ ಯಾರೂ ಪಶ್ಚಾತ್ತಾಪ ಪಡದಂತೆ ನಡೆದುಕೊಳ್ಳುವ ಸೌಭಾಗ್ಯವನ್ನು ನಮಗೆ ಅನುಗ್ರಹಿಸಲಿ. ಆಮೀನ್.